ಅಣ್ಣ ಗಿಟಾರಿಗೆ ಅರ ಹಾಕಿದ್ದು

ನನ್ನ ಬಾಯಿಗೇ ಸಂಬಳ ಬರುವುದು. ಆಸ್ಪತ್ರೆಯ ವಿಚಾರಣೆ ಕಿಟಕಿಯಲ್ಲಿ ಕೂತು, ಎಕ್ಸ್‌ರೇ ಎಡಗಡೆ, ರಕ್ತಪರೀಕ್ಷೆ ಮೇಲುಗಡೆ, ಡಾಕ್ಟರು ಇನ್ನೂ ಬಂದಿಲ್ಲ ಎಂದು ದಿನವಿಡೀ ಹೇಳುವುದೇ ನನ್ನ ಕೆಲಸ. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿ, ಮಾತನ್ನು ಒಂದು ಗಳಿಗೆ ಬಾಯೊಳಗೆ ಇಟ್ಟುಕೊಳ್ಳುವ ಅಭ್ಯಾಸವೇ ನನಗೆ ತಪ್ಪಿಹೋಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಆಗುವ ಅನಾಹುತಕ್ಕೆ ನನ್ನ ಬಾಯೇ ಕಾರಣ.

ಅಣ್ಣ ನನಗೆ ಪೂರಾ ಉಲ್ಟಾ. ಅವನದು ಬೀಗ ರಿಪೇರಿ ಅಂಗಡಿ. ಅಂಗಡಿ ಎಂದರೆ ದೊಡ್ಡದೇನಲ್ಲ. ಕೈ ಚಾಚಿದರೆ ಎರಡು ಗೋಡೆಯೂ ಸಿಗುತ್ತವೆ. ಗೋಡೆ ತುಂಬ ಮೊಳೆ, ಮೊಳೆಗೊಂದು ಗೊಂಚಲು ಕೀ. ಹೊರಗೆ ಯಾರಾದರೂ ಬೀಗ ತಿರುಗಿಸಿ ಕೆಟ್ಟಿದೆ ಎಂದರೆ, ತಲೆಯೆತ್ತಿ ನೋಡದೆ, ಬರೀ ಸದ್ದಿನ ಮೇಲೆ "ಮೂರನೇ ಪಿನ್ನು" ಎನ್ನುತ್ತಾನೆ. ಅಷ್ಟೇ ಮಾತು. ಅವನ ಹತ್ತಿರ ಕೀ ಉಜ್ಜುವ ಹದಿನೇಳು ಅರಗಳಿವೆ, ಬೆರಳು ದಪ್ಪದ್ದರಿಂದ ಹಿಡಿದು ಹಲ್ಲುಕಡ್ಡಿಯಷ್ಟು ಸಣ್ಣದರವರೆಗೆ. ಒಂದೊಂದಕ್ಕೂ ಒಂದೊಂದು ಬಟ್ಟೆಯ ಚೀಲ ಹೊಲಿಸಿದ್ದಾನೆ. ಹೊಲಿದವಳು ನಾನೇ ಅನ್ನಿ.

ಆ ಕೀಗಳ ಹಿಂದೆ, ಬಾಗಿಲ ಮರೆಯಲ್ಲಿ, ಅವನ ಬೇಸ್ ಗಿಟಾರು ತೂಗಾಡುತ್ತಿರುತ್ತದೆ. ನಾಲ್ಕೇ ತಂತಿಯ, ಉದ್ದ ಕುತ್ತಿಗೆಯ, ಗಂಭೀರ ದನಿಯ ವಾದ್ಯ. ಹಾಡು ಕೇಳುವಾಗ ನಾವು ಅದನ್ನು ಗಮನಿಸುವುದಿಲ್ಲ, ನಿಲ್ಲಿಸಿದರೆ ಮಾತ್ರ ಏನೋ ಕಳೆದುಹೋದಂತೆ ಆಗುತ್ತದೆ. ಅಣ್ಣನೂ ಹಾಗೇ. ಮನೆಯಲ್ಲಿ ಇದ್ದಾನೋ ಇಲ್ಲವೋ ಗೊತ್ತಾಗುವುದಿಲ್ಲ, ಎರಡು ದಿನ ಊರಲ್ಲಿ ಇಲ್ಲದಿದ್ದರೆ ಎಲ್ಲರೂ ಯಾಕೋ ಜಗಳವಾಡುತ್ತೇವೆ.

ಅತ್ತಿಗೆ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸು ಬಂದದ್ದು ಹೋದದ್ದು ಹೇಳುತ್ತಿದ್ದರು. ಊರಿಗೆಲ್ಲ ಗೊತ್ತಿದ್ದ ದನಿ, ಎತ್ತರದ್ದು, ತೊಳೆದಿಟ್ಟ ಗಾಜಿನಂಥದ್ದು. ಅಣ್ಣ ಹುಡುಗನಾಗಿದ್ದಾಗ ಸಂಜೆ ಹೊತ್ತು ನಿಲ್ದಾಣಕ್ಕೆ ಹೋಗಿ ಕೂರುತ್ತಿದ್ದ, ಯಾವ ಬಸ್ಸೂ ಹತ್ತುತ್ತಿರಲಿಲ್ಲ. ಮೂರು ತಿಂಗಳಾದ ಮೇಲೆ ಮೈಕಿನಲ್ಲೇ, "ನಾಲ್ಕನೇ ಕಂಬದ ಹತ್ತಿರ ಕೂತಿರುವ ನೀಲಿ ಅಂಗಿಯವರು ಯಾವ ಬಸ್ಸಿಗೆ ಕಾಯುತ್ತಿದ್ದೀರಿ, ದಯವಿಟ್ಟು ವಿಚಾರಣೆಗೆ ಬಂದು ತಿಳಿಸಿ" ಎಂದು ಅತ್ತಿಗೆ ಕರೆದರಂತೆ. ಅಣ್ಣ ಹೋದ. ಏನು ಹೇಳಿದ ಎಂದು ಇಬ್ಬರೂ ಇವತ್ತಿಗೂ ಬಾಯಿ ಬಿಟ್ಟಿಲ್ಲ. ಆಮೇಲೆ ಅವನು ತಡವಾಗಿ ಬರುವ ಬಸ್ಸಿನ ಬಗ್ಗೆ ಒಂದು ಹಾಡು ಕಟ್ಟಿದ, ಅತ್ತಿಗೆ ಅದನ್ನು ಹಾಡಿದರು, ಮದುವೆಯಾಯಿತು.

ಅಂಗಡಿಯ ಮೇಲೊಂದು ಕೋಣೆಯಿದೆ. ಭಾನುವಾರ ಅಲ್ಲಿ ವಾದ್ಯಗೋಷ್ಠಿ. ಅಣ್ಣ, ಅತ್ತಿಗೆ, ಗಿಟಾರು ಬಾರಿಸುವ ಕಟಿಂಗ್ ಶಾಪಿನವನು, ಡ್ರಮ್ಸ್ ಬಾರಿಸುವ ಬೇಕರಿಯವರು. ಕೀಬೋರ್ಡಿನವನೊಬ್ಬನಿದ್ದ, ವರ್ಗವಾಗಿ ಹೋದ. ಆ ಕೋಣೆಯಲ್ಲಿ ಮೊದಲಿಂದಲೂ ಒಂದೇ ಕಟ್ಟಳೆ: ಶ್ರುತಿ ಕೊಡುವವನು ಅಣ್ಣ. ಅವನು ದಪ್ಪ ತಂತಿ ಮೀಟುತ್ತಾನೆ, ಕಟಿಂಗ್‌ನವನು ಅದಕ್ಕೆ ತನ್ನ ಗಿಟಾರು ಕೂಡಿಸಿಕೊಳ್ಳುತ್ತಾನೆ, ಅತ್ತಿಗೆ ಕಣ್ಣುಮುಚ್ಚಿ ಆ ಸ್ವರ ಹಿಡಿಯುತ್ತಾರೆ. ಯಂತ್ರ ಗಿಂತ್ರ ಏನೂ ಇಲ್ಲ. ಅಣ್ಣನ ಕಿವಿಯ ಮೇಲೆ ಎಲ್ಲರಿಗೂ ಅಷ್ಟು ನಂಬಿಕೆ.

ಹೀಗಿರುವಾಗ ಅತ್ತಿಗೆಗೆ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಆಪರೇಷನ್ ಆಯಿತು. ಗಂಟು ಕೆಟ್ಟದ್ದಲ್ಲ ಎಂದು ಗೊತ್ತಾದ ದಿನ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಗೊಳೋ ಎಂದು ಅತ್ತೆ. ಆದರೆ ಕಟ್ಟು ಬಿಚ್ಚಿದ ಮೇಲೆ ಬಂದ ದನಿ ಅತ್ತಿಗೆಯದಾಗಿರಲಿಲ್ಲ. ಕೆಳಗಿನದು, ದಪ್ಪ, ಅಂಚಿನಲ್ಲಿ ಸ್ವಲ್ಪ ಒರಟು. ಡಾಕ್ಟರು, "ಒಂದು ವರ್ಷದಲ್ಲಿ ಸರಿಹೋಗಬಹುದು, ಹೋಗದೆಯೂ ಇರಬಹುದು" ಎಂದರು. ಇಂಥ ಮಾತು ಹೇಳುವುದಕ್ಕೆ ಅಷ್ಟು ವರ್ಷ ಓದಬೇಕೇ, ನನ್ನ ಕಿಟಕಿಯಿಂದ ನಾನೂ ಹೇಳುತ್ತಿದ್ದೆ.

ನಿಲ್ದಾಣದವರು ಅತ್ತಿಗೆಯನ್ನು ಮೈಕಿನಿಂದ ತೆಗೆದು, ಕಳೆದುಹೋದ ಸಾಮಾನುಗಳ ಕೊಠಡಿಗೆ ಹಾಕಿದರು. ಕೊಡೆ, ಟಿಫಿನ್ ಡಬ್ಬಿ, ಒಂಟಿ ಚಪ್ಪಲಿ, ಕನ್ನಡಕ. ಬಸ್ಸಿನಲ್ಲಿ ಜನ ಬಿಟ್ಟುಹೋದದ್ದಕ್ಕೆಲ್ಲ ಚೀಟಿ ಕಟ್ಟಿ ಕಪಾಟಿನಲ್ಲಿಡುವ ಕೆಲಸ. "ನನ್ನ ದನಿನೂ ಇಲ್ಲೇ ಎಲ್ಲೋ ಕೊಡೆಗಳ ಮಧ್ಯ ಇರ್ಬೇಕು ಕಣೇ" ಎಂದು ನನ್ನ ಹತ್ತಿರ ನಕ್ಕರು. ಮನೆಯಲ್ಲಿ ನಗುವುದೂ ಕಡಿಮೆಯಾಯಿತು. ಬೇಕಾದ್ದನ್ನು ಚೀಟಿಯಲ್ಲಿ ಬರೆದು ಡಬ್ಬದ ಕೆಳಗೆ ಸಿಕ್ಕಿಸುತ್ತಿದ್ದರು. ಉಪ್ಪು ಮುಗಿದಿದೆ. ನಲ್ಲಿ ಸೋರುತ್ತಿದೆ. ಅಣ್ಣ ಆ ಚೀಟಿಗಳನ್ನು ಬಿಸಾಡುತ್ತಿರಲಿಲ್ಲ, ಅಂಗಡಿಯ ಮೊಳೆಗೆ ಚುಚ್ಚಿಡುತ್ತಿದ್ದ. ಭಾನುವಾರದ ಗೋಷ್ಠಿ ನಿಂತುಹೋಯಿತು. ಮೇಲಿನ ಕೋಣೆಯಲ್ಲಿ ಒಬ್ಬನೇ ಕೂತು ಗಿಟಾರು ಒರೆಸುತ್ತಿದ್ದವನನ್ನು ಐದು ತಿಂಗಳು ನೋಡಿದೆ. ನನ್ನ ಕೈಲಿ ಆಗಲಿಲ್ಲ.

"ನಂಗೂ ಕಲಿಸು" ಎಂದೆ ಒಂದು ಭಾನುವಾರ.

"ಏನು?"

"ಅದೇ, ಅದನ್ನ. ನಲವತ್ತಾರಕ್ಕೆ ಬರಲ್ಲ ಅಂತೇನೂ ಇಲ್ವಲ್ಲ."

ಅಣ್ಣ ನನ್ನನ್ನು ಕೆಟ್ಟ ಬೀಗ ನೋಡುವಂತೆ ನೋಡಿದ. ಆಮೇಲೆ ಕುರ್ಚಿ ಎಳೆದು ಕೂರಿಸಿ, ಗಿಟಾರನ್ನು ನನ್ನ ತೊಡೆಯ ಮೇಲಿಟ್ಟ. ಅಬ್ಬಾ, ಏನು ಭಾರ! ಎಮ್ಮೆಯ ಕರುವನ್ನು ಎತ್ತಿ ಕೂರಿಸಿಕೊಂಡ ಹಾಗಾಯಿತು.

ಮೊದಲ ವಾರವೇ ನನ್ನ ಬೆರಳ ತುದಿ ಬೊಬ್ಬೆ ಎದ್ದಿತು. ಬಾಯಿಯೂ ಬೊಬ್ಬೆ ಹಾಕಿತು. ಆಗ ಅಣ್ಣ ಹೇಳಿಕೊಟ್ಟ ಪಾಠ ಇವತ್ತಿಗೂ ನೆನಪಿದೆ. ದಪ್ಪ ತಂತಿಯಿಂದ ಶುರುಮಾಡಿ ನಾಲ್ಕಕ್ಕೂ ಇ, ಎ, ಡಿ, ಜಿ ಎಂದು ಹೆಸರು. ಎಲ್ಲರೂ ಕಟ್ಟುವುದು ಹೀಗೆ. ಆದರೆ ಹೀಗೇ ಕಟ್ಟಬೇಕು ಎಂದು ಯಾರೂ ಬರೆದುಕೊಟ್ಟಿಲ್ಲ.

"ಮೊದ್ಲು ದಪ್ಪದ್ದೊಂದೇ ಇಳ್ಸು" ಎಂದ. "ಒಂದು ಸ್ವರ ಕೆಳಕ್ಕೆ. ಇ ಇದ್ದದ್ದು ಡಿ ಆಗತ್ತೆ. ಅಲ್ಲಿ ಇನ್ನೊಂದು ಡಿ ತಂತಿ ಇದ್ಯಲ್ಲ, ಎರಡೂ ಒಟ್ಟಿಗೆ ಮೀಟು. ಸರಿ ಇಲ್ದಿದ್ರೆ ಸದ್ದು ನಡುಗತ್ತೆ. ನಡುಕ ನಿಂತ್ರೆ ಬಂತು ಅಂತ ಅರ್ಥ."

ನಾನು ತಂತಿ ಬಿಗಿಯುವ ಬಿರಡೆ ತಿರುಗಿಸಿದೆ. ನಡುಕ ನಿಂತ ಕೂಡಲೇ ಕೈ ತೆಗೆದೆ.

"ಹಾಗಲ್ಲ. ಇನ್ನೂ ಸ್ವಲ್ಪ ಕೆಳಗೆ ಹೋಗು, ಅಲ್ಲಿಂದ ಮೇಲೆ ಬಾ. ಇಳ್ಸಿ ಅಲ್ಲೇ ಬಿಟ್ರೆ ತಂತಿ ಜಾರತ್ತೆ. ಕೆಳಗೆ ಹೋಗಿ ಮೇಲೆ ಬಂದ್ರೆ ನಿಲ್ಲತ್ತೆ."

ಒಂದು ತಂತಿ ಇಳಿಸಿದರೆ ಅದರ ಮೇಲಿನ ಸ್ವರಗಳೆಲ್ಲ ಎರಡು ಮೆಟ್ಟಿಲು ಮುಂದಕ್ಕೆ ಸರಿಯುತ್ತವೆ. ನನ್ನ ಬೆರಳಿಗೆ ಇದು ನೆನಪಿರುತ್ತದೆಯೇ? ಹಳೆಯ ಜಾಗದಲ್ಲೇ ಒತ್ತಿ, ಅಣ್ಣ ಒಂದು ಹಾಡು ನಾನೊಂದು ಹಾಡು ಆಗುತ್ತಿತ್ತು. ತಲೆ ಚಚ್ಚಿಕೊಂಡು ಅಣ್ಣ ನಾಲ್ಕನ್ನೂ ಒಂದೊಂದು ಸ್ವರ ಇಳಿಸಿಬಿಟ್ಟ. "ಈಗ ಕೈ ಹಳೇ ಜಾಗದಲ್ಲೇ ಇರತ್ತೆ. ಹಾಡು ಮಾತ್ರ ಕೆಳಗೆ ಬರತ್ತೆ. ತಂತಿನೂ ಸಡಿಲ, ನಿನ್ನ ಬೆರಳಿಗೂ ನೆಮ್ಮದಿ. ಆದ್ರೆ ಸಡಿಲ ತಂತಿನ ಬಡೀಬೇಡ ಕಣೇ, ಕಟಕಟ ಅನ್ನತ್ತೆ. ಮೆತ್ತಗೆ." ಇಷ್ಟು ಮಾತು ಅಣ್ಣನ ಬಾಯಿಂದ ಒಂದೇ ದಿನ ಬಂದದ್ದು ನಾನು ಕೇಳಿಯೇ ಇರಲಿಲ್ಲ. ಬೆರಳು ಉರಿಯುತ್ತಿದ್ದರೂ ನನಗೆ ಒಳಗೊಳಗೇ ಖುಷಿಯಾಯಿತು.

ಒಂದು ತಿಂಗಳಾಗಿತ್ತು. ನನಗೆ ಬರುತ್ತಿದ್ದದ್ದು ತಡವಾದ ಬಸ್ಸಿನ ಆ ಹಾಡೊಂದೇ, ಅದನ್ನೇ ಅಣ್ಣ ಬಾರಿಸಿ ತೋರಿಸುತ್ತಿದ್ದ. ಅತ್ತಿಗೆ ಕೋಣೆಯ ಪಕ್ಕದ ತಾರಸಿಯಲ್ಲಿ ಬಟ್ಟೆ ತೆಗೆಯುತ್ತಿದ್ದರು. ಬಟ್ಟೆಯ ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡೇ, ಗೊತ್ತಿಲ್ಲದಂತೆ, ಹ್ಞೂಂ ಹ್ಞೂಂ ಎಂದು ಗುನುಗಿದರು. ದನಿ ಎಲ್ಲೂ ಒಡೆಯಲಿಲ್ಲ. ಮೊದಲ ಎರಡು ಸಾಲು ಪೂರಾ ಬಂತು. ಅಣ್ಣನ ಕೈ ನಿಲ್ಲಲಿಲ್ಲ, ಆದರೆ ಅವನ ಮುಖ ನೋಡಬೇಕಿತ್ತು. ಹಳೇ ನೀಲಿ ಅಂಗಿಯವನೇ ಕೂತಿದ್ದ.

ಅತ್ತಿಗೆ ಬಾಗಿಲಿಗೆ ಬಂದು ನಿಂತರು. "ರೀ, ಬಂತಲ್ರೀ!" ಎಂದರು. "ನನ್ನ ದನಿ ವಾಪಸ್ ಬರ್ತಿದೆ!"

ಆಗ ಅಣ್ಣ, ಇಲ್ಲ ಕಣೇ, ಇವಳ ಬೆರಳಿಗೋಸ್ಕರ ಗಿಟಾರು ಇಳಿಸಿದ್ದೀನಿ ಎನ್ನಬೇಕಿತ್ತು. ನಾನಾದರೂ ಅನ್ನಬೇಕಿತ್ತು. ನಾನು ಆಗ ಅದನ್ನು ಯೋಚಿಸಲೇ ಇಲ್ಲ, ಅತ್ತಿಗೆಯನ್ನು ತಬ್ಬಿಕೊಂಡು ಕುಣಿಯುತ್ತಿದ್ದೆ. ಅಣ್ಣ, "ಹೌದು, ಬರ್ತಿದೆ" ಎಂದ. ಅವನು ಹೆಂಡತಿಗೆ ಹೇಳಿದ ಮೊದಲ ಸುಳ್ಳು ಅದು ಎಂದು ನಾನು ಆಣೆ ಮಾಡಿ ಹೇಳಬಲ್ಲೆ.

ಗೋಷ್ಠಿ ಮತ್ತೆ ಶುರುವಾಯಿತು. ಹಾಡಿನ ಎತ್ತರದ ಸಾಲಿಗೆ ಬಂದಾಗ ಅತ್ತಿಗೆಯ ದನಿ ಕಟ್ಟುತ್ತಿತ್ತು. ಮುಂದಿನ ಭಾನುವಾರದೊಳಗೆ ಅಣ್ಣ ಬಿರಡೆಗಳನ್ನು ಕೂದಲೆಳೆಯಷ್ಟು ಇಳಿಸಿರುತ್ತಿದ್ದ. ಶ್ರುತಿ ಕೊಡುವವನು ಅವನೇ ಆದ್ದರಿಂದ ಎಲ್ಲರೂ ಅವನ ಹಿಂದೆ ಇಳಿಯುತ್ತಿದ್ದರು. ಪಾಪ, ಕಟಿಂಗ್‌ನವನಿಗೆ ತಲೆ ಕೆಟ್ಟುಹೋಗಿತ್ತು. "ನಮ್ಮಂಗಡಿ ಏಸಿಗೆ ನನ್ನ ತಂತಿ ಬಿಗಿಯಾಗ್ತಾವೆ ಗುರುವೇ, ವಾರ ವಾರ ಸಡಿಲ ಮಾಡ್ಬೇಕು. ಸಡಿಲ ಮಾಡಿದ್ರೆ ಕಟಕಟ ಅಂತಾವೆ" ಎಂದು ಗೋಳಾಡಿ, ಎರಡು ಸಲ ಹೊಸ ತಂತಿ ಹಾಕಿಸಿ, ತಂತಿ ಮಾಡಿದವನ ವಂಶಕ್ಕೆಲ್ಲ ಹಿಡಿ ಶಾಪ ಹಾಕಿದ. ಅಣ್ಣ ತಲೆ ತಗ್ಗಿಸಿ ತನ್ನ ಗಿಟಾರಿನ ಹೆಗಲ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದ.

ಅತ್ತಿಗೆ ಚೀಟಿ ಬರೆಯುವುದು ನಿಂತಿತು. ಉಪ್ಪು ಮುಗಿದರೆ ಅಡುಗೆಮನೆಯಿಂದಲೇ ಕೂಗುತ್ತಿದ್ದರು. ನಾಲ್ಕು ತಿಂಗಳಲ್ಲಿ ಹಾಡು ಪೂರಾ, ಎತ್ತರದ ಸಾಲೂ ಸೇರಿ, ಬಂದುಬಿಟ್ಟಿತು. ಒಂದು ಸಂಜೆ ಅವರು ನಿಲ್ದಾಣದಿಂದ ಓಡೋಡಿ ಬಂದರು. ನಿಲ್ದಾಣಕ್ಕೆ ಐವತ್ತು ವರ್ಷವಂತೆ, ಸಮಾರಂಭವಂತೆ, ಹೊರಗಿನಿಂದ ದೊಡ್ಡ ಆರ್ಕೆಸ್ಟ್ರಾ ಬರುತ್ತದಂತೆ, ಅದರ ಜೊತೆ ಒಂದು ಹಾಡು ಹಾಡುತ್ತೀರಾ ಎಂದು ಕೇಳಿದರಂತೆ. "ನಾನು ಹ್ಞೂಂ ಅಂದೆ. ಹಳೇ ಶ್ರುತಿನೇ ಬರ್ದು ಕೊಟ್ಟಿದ್ದೀನಿ. ಮೈಕಿನಿಂದ ಎಬ್ಬಿಸಿದ್ರಲ್ಲ, ಅವ್ರೂ ಕೇಳ್ಲಿ."

ಅಣ್ಣನ ಕೈಯಿಂದ ಲೋಟ ಜಾರಿತು. ಆರ್ಕೆಸ್ಟ್ರಾದ ಕೀಬೋರ್ಡಿಗೆ ಯಾರ ಮುಲಾಜೂ ಇಲ್ಲ, ಬರೆದುಕೊಟ್ಟ ಶ್ರುತಿಯನ್ನೇ ನುಡಿಸುತ್ತದೆ. ನಾನೂರು ಜನರ ಮುಂದೆ, ಇಪ್ಪತ್ತೈದು ವರ್ಷ ಅವರ ದನಿ ಕೇಳಿದವರ ಮುಂದೆ, ಅತ್ತಿಗೆ ಹಳೆಯ ಎತ್ತರಕ್ಕೆ ಬಾಯಿ ತೆರೆದರೆ ಏನಾಗುತ್ತದೆ ಎಂದು ಆ ಮನೆಯಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಹೇಳಿದರೆ ಅತ್ತಿಗೆ ಮತ್ತೆ ಚೀಟಿ ಬರೆಯಲು ಶುರುಮಾಡುತ್ತಾರೆ, ಹೇಳದಿದ್ದರೆ ಊರೆದುರು ಬೀಳುತ್ತಾರೆ. ಎರಡು ವಾರ ಅವನು ಊಟ ಸರಿಯಾಗಿ ಮಾಡಲಿಲ್ಲ. ಅಜೀರ್ಣ ಎಂದುಕೊಂಡು ನಾನು ಆಸ್ಪತ್ರೆಯಿಂದ ಮಾತ್ರೆ ತಂದುಕೊಟ್ಟೆ. ನನ್ನ ಬುದ್ಧಿಗೆ ಇಷ್ಟು ಬೆಂಕಿ ಹಾಕ.

ಅವನು ಹೇಳುವ ಮೊದಲು ನಾನು ಹೇಳಿಬಿಟ್ಟೆ.

ನಾನು ಶ್ರದ್ಧೆಯ ವಿದ್ಯಾರ್ಥಿನಿ ಎಂದು ತೋರಿಸಬೇಡವೇ? ಶ್ರುತಿ ತೋರಿಸುವ ಒಂದು ಪುಟ್ಟ ಯಂತ್ರ ತಂದಿದ್ದೆ, ಬಟ್ಟೆಯ ಕ್ಲಿಪ್ಪಿನಷ್ಟು ದೊಡ್ಡದು. ಗಿಟಾರಿನ ತಲೆಗೆ ಕಚ್ಚಿಸಿದರೆ ಯಾವ ಸ್ವರ ಎಂದು ಅಕ್ಷರ ಬರುತ್ತದೆ. ಭಾನುವಾರ ಎಲ್ಲರೂ ಕೂತಿದ್ದಾಗ, ಅಣ್ಣ ದಪ್ಪ ತಂತಿ ಮೀಟುತ್ತಿದ್ದ ಹಾಗೇ, ಹೋಗಿ ಕಚ್ಚಿಸಿದೆ. ತಂತಿ ಇಳಿಸುವುದು ನನ್ನ ಪಾಠಕ್ಕೆ ಮಾತ್ರ, ಗೋಷ್ಠಿಗೆ ಮತ್ತೆ ಏರಿಸಿರುತ್ತಾನೆ ಎಂದೇ ನಾನು ತಿಳಿದಿದ್ದೆ.

"ಇ ಬರ್ಬೇಕಲ್ವಾ? ಇದು ಸಿ ಅಂತಿದೆ!" ಎಂದೆ. ಅಣ್ಣ ನನ್ನ ಕಡೆ ಕಣ್ಣು ಬಿಟ್ಟ. ಕಣ್ಣಿಗೆ ಧೂಳು ಬಿದ್ದಿರಬೇಕು ಎಂದುಕೊಂಡೆ. "ಎರಡನೇದು ಮೀಟು. ನೋಡು, ಎ ಬದ್ಲು ಎಫ್ ಅಂತೆ. ಕೆಟ್ಟ ಮಷೀನ್ ಕೊಟ್ಟು ಟೋಪಿ ಹಾಕಿದ್ದಾನೆ ಕಳ್ಳ!" ಅಷ್ಟಕ್ಕೇ ಬಿಟ್ಟೆನೇ? ಕಟಿಂಗ್‌ನವನ ಗಿಟಾರಿಗೂ ಕಚ್ಚಿಸಿದೆ. ಅದೂ ಸಿ ಎಂದಿತು.

"ಎರಡೂ ಒಂದೇ ಸಮ ತಪ್ಪು ತೋರ್ಸತ್ತಾ?" ಎಂದು ಬೇಕರಿಯವರು ಕೇಳಿದರು.

ಕಟಿಂಗ್‌ನವನು ನಿಧಾನವಾಗಿ ತಲೆಯೆತ್ತಿದ. "ಗುರುವೇ, ಎರಡು ಸ್ವರ ಕೆಳಗಿದ್ದೀವಾ ನಾವು? ಅದಕ್ಕೇನಾ ನನ್ನ ತಂತಿ... ಅಯ್ಯೋ, ಎರಡು ಸೆಟ್ ಬಿಸಾಡಿದ್ನಲ್ಲಪ್ಪಾ!"

ಆಗ ನನಗೆ ಹೊಳೆಯಿತು. ಕೈ ಹಳೇ ಜಾಗದಲ್ಲೇ ಇರತ್ತೆ, ಹಾಡು ಮಾತ್ರ ಕೆಳಗೆ ಬರತ್ತೆ. ನನಗೇ ಹೇಳಿಕೊಟ್ಟ ಪಾಠ. ನಾಲಿಗೆ ಕಚ್ಚಿಕೊಂಡೆ, ರಕ್ತ ಬರುವಷ್ಟು. ಏನು ಪ್ರಯೋಜನ?

ಅತ್ತಿಗೆ ಗಂಡನನ್ನೇ ನೋಡುತ್ತಿದ್ದರು. "ಯಾವಾಗಿನಿಂದ?" ಎಂದರು.

"ಬಟ್ಟೆ ತೆಗೀತಿದ್ಯಲ್ಲ, ಅವತ್ತಿನಿಂದ" ಎಂದ ಅಣ್ಣ.

"ಹಾಗಾದ್ರೆ ನನ್ನ ದನಿ ಬಂದೇ ಇಲ್ಲ."

ಅತ್ತಿಗೆ ಎದ್ದು ಸೆರಗು ಸರಿಮಾಡಿಕೊಂಡರು. "ದನಿ ಹೋದದ್ದಕ್ಕಿಂತ ಇದು ಜಾಸ್ತಿ ನೋವಾಯ್ತು ರೀ. ಗೊತ್ತಾದ್ರೆ ಇವ್ಳು ತಡ್ಕೊಳ್ಳಲ್ಲ ಅಂದ್ಕೊಂಡ್ರಲ್ಲ. ನಾನೇನು ಬೀಗನಾ, ನನಗೆ ತಿಳೀದ ಹಾಗೆ ಒಳಗೊಳಗೇ ಅರ ಹಾಕೋಕೆ?" ಮೆಟ್ಟಿಲಿಳಿದು ಹೋದರು.

ಮರುದಿನದಿಂದ ಡಬ್ಬದ ಕೆಳಗೆ ಮತ್ತೆ ಚೀಟಿ. ಈ ಸಲ ಅಣ್ಣ ಅವನ್ನು ಮೊಳೆಗೆ ಚುಚ್ಚಲಿಲ್ಲ, ಓದಿ ಅಂಗಿಯ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ. ಅಂಗಡಿಯಲ್ಲಿ ಒಂದೇ ದಿನ ಮೂರು ಕೀ ತಪ್ಪು ಕೊರೆದ. ಮೂವತ್ತು ವರ್ಷದಲ್ಲಿ ಮೂರು ತಪ್ಪಿಲ್ಲ ಅವನದು. ನನ್ನನ್ನು ಒಂದು ಮಾತು ಬೈಯಲಿಲ್ಲ, ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಸಮಾರಂಭಕ್ಕೆ ಎಂಟು ದಿನವಿತ್ತು.

ಮೂರು ದಿನ ತಡೆದುಕೊಂಡು, ನಾಲ್ಕನೆಯ ದಿನ ಊಟದ ಬಿಡುವಿನಲ್ಲಿ ನಿಲ್ದಾಣಕ್ಕೆ ಹೋದೆ. ಅತ್ತಿಗೆ ಒಂದು ಹಸಿರು ಕೊಡೆಗೆ ಚೀಟಿ ಕಟ್ಟುತ್ತಿದ್ದರು. ಮೇಜಿನ ಮೇಲೆ, ಹಾಡಲಾಗುವುದಿಲ್ಲ ಎಂದು ಬರೆದ ಅರ್ಜಿಯಿತ್ತು. ನಾನು ಸೀದಾ ಹೋಗಿ ಆ ದರಿದ್ರ ಯಂತ್ರವನ್ನು ಅವರ ಮುಂದಿಟ್ಟೆ.

"ಇದನ್ನೂ ನಿಮ್ಮ ಕಪಾಟಿನಲ್ಲಿಡಿ ಅತ್ತಿಗೆ. ಯಾರೂ ಕೇಳ್ಕೊಂಡು ಬರಲ್ಲ" ಎಂದೆ. ಮುಂದೆ ಮಾತು ಹೊರಡಲಿಲ್ಲ. ನನಗೆ! ಅಲ್ಲೇ ಸ್ಟೂಲಿನ ಮೇಲೆ ಕೂತು ಮೂಗು ಒರೆಸಿಕೊಂಡೆ.

ಅತ್ತಿಗೆ ನನಗೊಂದು ಲೋಟ ನೀರು ಕೊಟ್ಟರು. ಯಂತ್ರವನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ನೋಡಿದರು. "ಇದು ಗಿಟಾರಿಗೊಂದೇನಾ, ಮನುಷ್ಯರಿಗೂ ತೋರ್ಸತ್ತಾ?"

"ಬಾಯಿ ಹತ್ರ ಇಟ್ಕೊಂಡ್ರೆ ತೋರ್ಸತ್ತೆ."

ಬಾಗಿಲು ಅರ್ಧ ಮುಚ್ಚಿ ಬಂದರು. ಹ್ಞೂಂ ಎಂದು ಹಳೆಯ ಎತ್ತರಕ್ಕೆ ಹೋಗಿ ನೋಡಿದರು, ದನಿ ಒಡೆಯಿತು. ಒಂದು ಮೆಟ್ಟಿಲು ಇಳಿದರು. ಇನ್ನೊಂದು. ಸಿ ಬಂದಾಗ, "ಇದು ನಿಮ್ಮಣ್ಣ ಕೊಟ್ಟದ್ದು" ಎಂದರು. ಅಲ್ಲಿ ನಿಲ್ಲಲಿಲ್ಲ, ಇನ್ನೂ ಇಳಿದರು. ಬಿ ಎಂದು ಅಕ್ಷರ ಬಂತು. ಆಗ ಅವರ ಗಂಟಲಿನಿಂದ ಹೊರಟ ಸದ್ದು ನಾನು ಅದುವರೆಗೆ ಕೇಳಿರಲಿಲ್ಲ. ಅಗಲವಾದ, ಬೆಚ್ಚಗಿನ ದನಿ. ಕಪಾಟಿನ ಮೇಲಿನ ಒಂದು ಟಿಫಿನ್ ಡಬ್ಬಿಯ ಮುಚ್ಚಳ ಅದಕ್ಕೆ ಗುಂಯ್ ಎಂದಿತು. ಅತ್ತಿಗೆ ನಿಲ್ಲಿಸಿ, ಮುಚ್ಚಳವನ್ನು ನೋಡಿ, ಮತ್ತೆ ಹಾಡಿದರು. ಮತ್ತೆ ಗುಂಯ್ ಎಂದಿತು. ಇಬ್ಬರೂ ನಕ್ಕೆವು, ಇಬ್ಬರಿಗೂ ಕಣ್ಣು ತುಂಬಿತ್ತು.

"ನಿಮ್ಮಣ್ಣ ಅರ್ಧಕ್ಕೇ ನಿಲ್ಸಿದ್ದಾರೆ ನೋಡು ಹೆದ್ರಿಕೊಂಡು" ಎಂದರು.

ಆ ಸಂಜೆ ಅತ್ತಿಗೆ ಮನೆಗೆ ಹೋಗದೆ ಸೀದಾ ಅಂಗಡಿಗೆ ಬಂದರು. ಹಿಂದೆಯೇ ನಾನು. ಅಣ್ಣ ಎದ್ದು ನಿಂತ.

"ಗಿಟಾರು ಇನ್ನೂ ಇಳಿಯತ್ತಾ, ಬಿ ತನಕ?" ಎಂದು ಅತ್ತಿಗೆ ಕೇಳಿದರು.

"ಈ ತಂತಿಗೆ ಇಷ್ಟೇ" ಎಂದ ಅಣ್ಣ. "ಇನ್ನು ಇಳ್ಸಿದ್ರೆ ಒದ್ದೆ ಹಗ್ಗ ಮೀಟಿದ ಹಾಗಾಗತ್ತೆ. ಬಿ ಸ್ವರಕ್ಕೆ ಹೋಗ್ಬೇಕಂದ್ರೆ ದಪ್ಪ ತಂತಿ ಬೇಕು."

"ತರ್ಸಿ."

ಅಣ್ಣ ಡ್ರಾಯರು ಎಳೆದ. ತಂತಿಗಳು ಅಲ್ಲೇ ಇದ್ದವು. ಪೊಟ್ಟಣದ ಮೇಲೆ ಮೂರು ತಿಂಗಳ ಧೂಳು. "ತಂದಿಟ್ಟಿದ್ದೆ" ಎಂದ. "ಆದ್ರೆ ಇವು ಕೂರಲ್ಲ. ಇಲ್ನೋಡು, ಕುತ್ತಿಗೆ ತುದಿಯಲ್ಲಿ ಈ ಬಿಳೀ ಪಟ್ಟಿ ಇದ್ಯಲ್ಲ, ಇದರ ಕಚ್ಚಿನಲ್ಲಿ ತಂತಿ ಕೂರೋದು. ದಪ್ಪದ್ದಕ್ಕೆ ಕಚ್ಚು ಅಗಲ ಮಾಡ್ಬೇಕು. ಬಿರಡೆ ಆದ್ರೆ ಮತ್ತೆ ತಿರುಗಿಸ್ಬಹುದು. ಅರ ಹಾಕಿದ್ಮೇಲೆ..."

"ಹಾಕಿದ್ಮೇಲೆ?"

"ಹಳೇ ತಂತಿ ಮತ್ತೆ ಕೂರಲ್ಲ. ನಿನ್ನ ದನಿ ಬಂದ್ರೆ ಅಂತ..." ಅಣ್ಣ ಪೊಟ್ಟಣದ ಧೂಳು ಒರೆಸಿದ. ಹದಿನೇಳು ಅರ ಇಟ್ಟುಕೊಂಡವನು ಮೂರು ತಿಂಗಳು ಒಂದನ್ನೂ ಚೀಲದಿಂದ ತೆಗೆಯದೆ ಕೂತದ್ದು ಯಾಕೆ ಎಂದು ನನಗೆ ಆಗ ಅರ್ಥವಾಯಿತು.

ಅತ್ತಿಗೆ ಅವನ ಹತ್ತಿರ ಬಂದರು. "ನಮ್ಮ ಕೊಠಡೀಲಿ ಒಂದು ನಿಯಮ ಇದೆ ರೀ. ಆರು ತಿಂಗಳು ಕಾಯ್ತೀವಿ. ಯಾರೂ ಬರ್ಲಿಲ್ಲ ಅಂದ್ರೆ ಆ ಸಾಮಾನಿಗೆ ಕಾಯೋದು ಬಿಡ್ತೀವಿ, ಜಾಗ ಇನ್ನೊಂದಕ್ಕೆ ಬೇಕಲ್ಲ. ನನ್ನ ಹಳೇ ದನಿಗೆ ಹನ್ನೊಂದು ತಿಂಗಳು ಆಯ್ತು." ಗೋಡೆಯಿಂದ ಅರದ ಚೀಲವೊಂದನ್ನು ಇಳಿಸಿ ಅವನ ಕೈಗಿಟ್ಟರು. "ನೀವು ಹಾಕ್ತೀರೋ, ನಾನು ಹಾಕ್ಲೋ?"

"ಅದು ತುಂಬ ದಪ್ಪ ಆಯ್ತು" ಎಂದ ಅಣ್ಣ, ಮೂಗೆಳೆದುಕೊಳ್ಳುತ್ತ. "ಆ ಕಡೆಯದು ಕೊಡು."

ಗಿಟಾರನ್ನು ಬೆಂಚಿನ ಮೇಲೆ ಮಲಗಿಸಿದರು. ಅತ್ತಿಗೆ ಎರಡು ಕೈಯಿಂದ ಅದರ ಕುತ್ತಿಗೆ ಹಿಡಿದುಕೊಂಡರು. ಒಂದೇ ನೋಟಕ್ಕೆ ಅಳತೆ ಹೇಳುವ ಅಣ್ಣ ಅವತ್ತು ನಾಲ್ಕು ಸಲ ಅಳೆದ. ಆಮೇಲೆ ಅರ ಇಟ್ಟು ಎಳೆದ. ಸರ್ ಎಂದಿತು. ನಾನು ಬಾಯಿ ಮುಚ್ಚಿಕೊಂಡೇ ನಿಂತಿದ್ದೆ. ಬಿಳಿಯ ಪುಡಿ ಪಟ್ಟಿಯ ಮೇಲೆ ಕೂತಿತು, ಅತ್ತಿಗೆ ಬಗ್ಗಿ ಉಫ್ ಎಂದು ಊದಿದರು. ಅವನು ಅರ ಹಾಕುವುದು, ಅವರು ಊದುವುದು. ಗಿರಾಕಿಯೊಬ್ಬ ಕೀ ಮಾಡಿಸಲು ಬಂದ. "ನಾಳೆ ಬನ್ನಿ, ಬೀಗದವರಿಗೆ ಇವತ್ತು ಬಿಡುವಿಲ್ಲ" ಎಂದು ಸಾಗಹಾಕಿದೆ. ವಿಚಾರಣೆ ಕಿಟಕಿಯವಳು, ಅಷ್ಟಾದರೂ ಮಾಡಬೇಡವೇ?

ದಪ್ಪ ತಂತಿಗಳು ಕೂತವು. ಅಣ್ಣ ಅಭ್ಯಾಸಬಲದಿಂದ ಶ್ರುತಿ ಕೊಡಲು ಬೆರಳೆತ್ತಿದ. ಅತ್ತಿಗೆ ಅವನ ಕೈ ಹಿಡಿದರು.

"ನಾನು ಕೊಡ್ತೀನಿ" ಎಂದರು.

ಅರ್ಜಿ ಹರಿದುಹಾಕಿದ್ದಾಯಿತು. ಆರ್ಕೆಸ್ಟ್ರಾದವರಿಗೆ, ಒಂದು ಹಾಡಿನ ಮಟ್ಟಿಗೆ ನೀವು ಕೂತು ಕೇಳಿ, ನಮ್ಮವರೇ ನುಡಿಸುತ್ತಾರೆ ಎಂದು ಅತ್ತಿಗೆಯೇ ಹೇಳಿಬಂದರು. ಕಟಿಂಗ್‌ನವನು ಮೂರನೇ ಸಲ ತಂತಿ ಬದಲಾಯಿಸಿದ, ಈ ಸಲ ಕಾರಣ ಗೊತ್ತಿದ್ದು. ಬೇಕರಿಯವರದೇನು, ಡ್ರಮ್ಸಿಗೆ ಇ ಆದರೇನು ಬಿ ಆದರೇನು.

ಸಮಾರಂಭದ ದಿನ ಬಸ್ಸು ನಿಲ್ಲುವ ಜಾಗದಲ್ಲೇ ವೇದಿಕೆ ಹಾಕಿದ್ದರು. ಡ್ರೈವರು, ಕಂಡಕ್ಟರು, ಅವರ ಮನೆಯವರು, ಹೂ ಮಾರುವವರು, ಎಲ್ಲ ಸೇರಿ ನಾನೂರು ಜನ. ಅತ್ತಿಗೆ ಮೈಕಿನ ಮುಂದೆ ಬಂದು, ಮುಂದಿನ ಬಸ್ಸು ಹೇಳುವವರಂತೆ ನೆಟ್ಟಗೆ ನಿಂತು, ತಮ್ಮ ಹೊಸ ದನಿಯಲ್ಲಿ ಹೇಳಿದರು: "ನಮಸ್ಕಾರ. ಇದು ನಾನೇ. ಸ್ವಲ್ಪ ಕೆಳಗಿನ ಮಹಡಿಗೆ ಮನೆ ಬದಲಾಯಿಸಿದ್ದೀನಿ." ಜನ ನಕ್ಕು ಚಪ್ಪಾಳೆ ತಟ್ಟಿದರು.

ಆಮೇಲೆ ಅವರು ಕಣ್ಣುಮುಚ್ಚಿ ಹ್ಞೂಂ ಎಂದು ಸ್ವರ ಕೊಟ್ಟರು. ಅಣ್ಣ ಅಷ್ಟು ಜನರೆದುರು ಕಿವಿಯನ್ನು ಹೆಂಡತಿಯ ಕಡೆ ವಾಲಿಸಿ ಬಿರಡೆ ಹಿಡಿದ. ಬೇಕಾದ್ದಕ್ಕಿಂತ ಸ್ವಲ್ಪ ಕೆಳಗೆ ಹೋದ, ಅಲ್ಲಿಂದ ಮೇಲೆ ಬಂದ. ಎರಡು ಸದ್ದಿನ ನಡುವೆ ಇದ್ದ ನಡುಕ ಸಣ್ಣದಾಗುತ್ತ ಹೋಗಿ ನಿಂತಿತು. ನಿಂತ ಮೇಲೂ ಅವನು ಬಿರಡೆಯಿಂದ ಕೈ ತೆಗೆಯಲಿಲ್ಲ, ಅತ್ತಿಗೆಯನ್ನು ನೋಡುತ್ತಲೇ ಇದ್ದ. ಮೊದಲ ಸಾಲಿನಲ್ಲಿ ಕೂತಿದ್ದ ನನಗೆ ತಡೆಯಲಾಗಲಿಲ್ಲ.

"ಬಂತು ಕಣೋ ಅಣ್ಣ, ಶುರುಮಾಡು!" ಎಂದು ಕೂಗಿಬಿಟ್ಟೆ.